ಒಂಬತ್ತೂಕಾಲಕ್ಕೆ ಚೀಲ ಹಾಕಿಕೊಳ್ಳುತ್ತಿದ್ದ ಪಾಪ

ಜುಲೈ ಮೊದಲ ವಾರ. ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆ ಹತ್ತಿರ ಬಸ್ಸಿಗೆ ಕಾಯುತ್ತಿದ್ದೆ. ಹಳ್ಳಿ ಶಾಲೆಯೊಂದರ ಹೆಡ್‌ಮಾಸ್ಟರ್ ಫೋನ್ ಮಾಡಿದರು. "ಮೇಡಂ, ನಿಮ್ಮ ಹುಡುಗಿ ಈ ವರ್ಷ ಶಾಲೆ ಕಡೆ ತಲೆನೇ ಹಾಕಿಲ್ಲ. ಕೈ ಕಚ್ಕೊಳ್ತಾಳಂತೆ, ಊಟ ಬಿಟ್ಟಿದ್ದಾಳಂತೆ. ಸುಮ್ನೆ ಮನೆಯಲ್ಲೇ ಪಾಠ ಅಂತ ಬರ್ಕೊಂಡ್ಬಿಡಿ."

ನಾನು ಬಿಐಇಆರ್‌ಟಿ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ತಾಲ್ಲೂಕಿನ ವಿಶೇಷ ಅಗತ್ಯವುಳ್ಳ ಮಕ್ಕಳನ್ನು ನೋಡಿಕೊಳ್ಳುವ ಶಿಕ್ಷಕಿ. ಅದಕ್ಕೇ ಅಂಥ ಮಕ್ಕಳೆಲ್ಲ ಎಲ್ಲರ ಬಾಯಲ್ಲೂ 'ನಿಮ್ಮ ಮಕ್ಕಳು'. ಇಡೀ ತಾಲ್ಲೂಕಿಗೆ ನಾವು ಕೆಲವೇ ಜನ. ಶಾಲೆಗೆ ಬರಲು ಆಗದ ಮಕ್ಕಳಿಗೆ ಗೃಹಾಧಾರಿತ ಶಿಕ್ಷಣ ಅಂತ ಇದೆ. ವಾರಕ್ಕೊಮ್ಮೆ ನಾವೇ ಮನೆಗೆ ಹೋಗಿ ಕಲಿಸುತ್ತೇವೆ. ಹಾಸಿಗೆಯಿಂದ ಏಳಲಾಗದ ಮಕ್ಕಳಿಗೆ ಅದು ದೊಡ್ಡ ಆಸರೆ. ಆದರೆ ಈ ಹುಡುಗಿ ನಾಲ್ಕು ವರ್ಷ ದಿನಾ ಶಾಲೆಗೆ ನಡೆದುಕೊಂಡು ಬಂದವಳು. ಅವಳನ್ನು ಮನೆಯಲ್ಲಿ ಕೂರಿಸಲು ನನಗೆ ಮನಸ್ಸು ಬರಲಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರ, ಶೇಕಡ 40ಕ್ಕಿಂತ ಕಡಿಮೆಯಿಲ್ಲದ ವೈಕಲ್ಯ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲಿ ಉಚಿತವಾಗಿ ಓದುವ ಹಕ್ಕಿದೆ. ಬೇಕಾದರೆ ವಿಶೇಷ ಶಾಲೆಯನ್ನೂ ಆರಿಸಿಕೊಳ್ಳಬಹುದು. ಮನೆಯಲ್ಲಿ ಇರಿಸುವುದು ಕೊನೆಯ ದಾರಿ, ಮೊದಲನೆಯದಲ್ಲ.

ಅವಳ ಹೆಸರು ಬೇಡ, ಊರಿನ ಹೆಸರೂ ಬೇಡ. ಮನೆಯಲ್ಲಿ ಎಲ್ಲರೂ 'ಪಾಪ' ಅನ್ನುತ್ತಾರೆ. ನಮ್ಮ ಕಡೆ ಹೆಣ್ಣುಮಕ್ಕಳನ್ನು ಕರೆಯುವುದೇ ಹಾಗೆ. ಊರಿನವರೂ ಅವಳನ್ನು ನೋಡಿ "ಪಾಪ" ಅನ್ನುತ್ತಾರೆ. ಆದರೆ ಆ ಪಾಪ ಬೇರೆ. 11 ವರ್ಷದ ಹುಡುಗಿ, ಐದನೇ ತರಗತಿ, ಬೌದ್ಧಿಕ ಅಸಾಮರ್ಥ್ಯ ಇದೆ. ಮಾತು ಕಡಿಮೆ, ಇರುವ ಮಾತೆಲ್ಲ ಮನೆಮಾತಾದ ತೆಲುಗಿನಲ್ಲಿ. ಶಾಲೆಯಲ್ಲಿ ಕನ್ನಡ. ಎರಡೂ ಅರ್ಥವಾಗುತ್ತವೆ, ಒಂದೊಂದಾಗಿ, ನಿಧಾನವಾಗಿ ಹೇಳಬೇಕು ಅಷ್ಟೆ.

ಮನೆಗೆ ಹೋದಾಗ ಅವಳ ತಾಯಿ ಹಿಪ್ಪುನೇರಳೆ ಸೊಪ್ಪು ಬಿಡಿಸುತ್ತಿದ್ದರು. ರೇಷ್ಮೆ ಹುಳು ಸಾಕುವ ಮನೆ. ಗಂಡ ತೋಟದಲ್ಲಿದ್ದರು. ಒಂಬತ್ತನೇ ತರಗತಿಯ ಅಣ್ಣ ಶಾಲೆಗೆ ಹೋಗಿದ್ದ. "ಅವ್ವ ಎಲ್ಲಿ?" ಎಂದು ಕೇಳಿದೆ. ಅಜ್ಜಿಗೆ ಇಲ್ಲಿ ಅವ್ವ ಅನ್ನುತ್ತಾರೆ. ಪಾಪಳನ್ನು ದಿನಾ ಶಾಲೆಗೆ ಕರೆತಂದು ಸಂಜೆ ಕರೆದೊಯ್ಯುತ್ತಿದ್ದದ್ದು ಆ ಅವ್ವನೇ.

"ಮೇ ತಿಂಗಳಲ್ಲಿ ಹೋಗ್ಬಿಟ್ಲು ಮೇಡಂ" ಅಂದರು ತಾಯಿ, ಸೊಪ್ಪು ಬಿಡಿಸುತ್ತಲೇ.

"ಅಯ್ಯೋ" ಅಂದೆ. ಹೇಗಾಯಿತು ಎಂದು ಕೇಳಿದೆ. ಆಮೇಲೆ ಚೀಲದಿಂದ ಫೈಲ್ ತೆಗೆದೆ. ಆ ಸಾವನ್ನು ನಾನು ಮನೆಯ ಸುದ್ದಿ ಎಂದು ಕೇಳಿಸಿಕೊಂಡೆ. ಮಗುವಿನ ಸುದ್ದಿ ಎಂದು ಕೇಳಿಸಿಕೊಳ್ಳಲಿಲ್ಲ. ಈ ಬರಹ ಬರೆಯುತ್ತಿರುವುದೇ ಆ ಒಂದು ತಪ್ಪಿಗಾಗಿ.

ನಮ್ಮ ತರಬೇತಿಯಲ್ಲಿ ಕಲಿಸಿದ ಹಾಗೆ ಒಂದು ಹಾಳೆ ಕೊಟ್ಟೆ. ಮೂರು ಕಾಲಂ. ಕಚ್ಚಿಕೊಳ್ಳುವ ಮೊದಲು ಏನಾಯಿತು, ಏನು ಮಾಡಿದಳು, ಆಮೇಲೆ ನೀವು ಏನು ಮಾಡಿದಿರಿ. ಜೊತೆಗೆ ಹೊತ್ತು ಬರೆಯಬೇಕು. ತಾಯಿಗೆ ಬರೆಯಲು ಪುರುಸೊತ್ತಿಲ್ಲ, ಅಣ್ಣ ಬರೆಯುತ್ತೇನೆ ಅಂದ. ಕಚ್ಚದೆ ಇದ್ದರೆ ಒಂದು ಕಡಲೆ ಮಿಠಾಯಿ ಕೊಡಿ ಎಂದೂ ಹೇಳಿ ಬಂದೆ. ಮೂರು ವಾರ ಮಿಠಾಯಿ ಖಾಲಿಯಾಯಿತು. ಕೈ ಮೇಲಿನ ಗಾಯ ಮಾಗಲಿಲ್ಲ.

ಆಸ್ಪತ್ರೆಗೆ ಹೋಗೋಣ ಅಂದರೆ ತಾಯಿ ಒಪ್ಪಲಿಲ್ಲ. ಹುಳು ನಾಲ್ಕನೇ ಜ್ವರ ಎದ್ದಿತ್ತು. ರೇಷ್ಮೆ ಗೊತ್ತಿಲ್ಲದವರಿಗೆ ಒಂದು ಮಾತು: ಹುಳು ನಾಲ್ಕು ಸಲ ಪೊರೆ ಬಿಡುತ್ತದೆ, ಅದನ್ನು ಜ್ವರ ಅನ್ನುತ್ತೇವೆ. ನಾಲ್ಕನೆಯದು ಎದ್ದ ಮೇಲೆ ಒಂದು ವಾರ ಅದರ ಹಸಿವಿಗೆ ಕೊನೆಯಿಲ್ಲ. ಹುಳು ಮನೆಯಲ್ಲಿ ಮಳೆ ಬಂದ ಹಾಗೆ ಸದ್ದು. ಆ ವಾರ ಮನೆ ಬಿಟ್ಟರೆ ಇಡೀ ಬೆಳೆ ಹೋಗುತ್ತದೆ, ತಂದ ಸಾಲ ಹಾಗೇ ಉಳಿಯುತ್ತದೆ. 'ತಾಯಂದಿರು ಮಕ್ಕಳನ್ನು ಆಸ್ಪತ್ರೆಗೆ ಕರೆತರಲ್ಲ' ಅಂತ ಸಭೆಗಳಲ್ಲಿ ಸುಲಭವಾಗಿ ಹೇಳಿಬಿಡುತ್ತಾರೆ. ನನಗೆ ಆ ಮಾತು ಕೇಳಿದರೆ ಸಂಕಟವಾಗುತ್ತದೆ. ಹುಳು ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆಗೆ ಬಿಟ್ಟ ಮೇಲೆ ಸ್ವಲ್ಪ ಬಿಡುವು ಸಿಗುತ್ತದೆ. ಅದನ್ನೇ ಲೆಕ್ಕ ಹಾಕಿ ಒಂದು ಮಂಗಳವಾರ ಗೊತ್ತು ಮಾಡಿದೆವು.

ಮಂಗಳವಾರ ಯಾಕೆ ಅಂದರೆ, ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವುದು ಗೊತ್ತುಪಡಿಸಿದ ಮಂಗಳವಾರಗಳಂದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರು ಬರುತ್ತಾರೆ. ಆ ಕಾರ್ಯಕ್ರಮದ ಬೇರು ನಮ್ಮ ಬಳ್ಳಾರಿಯಲ್ಲೇ ಇದೆ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಆ ಜಿಲ್ಲೆಯಲ್ಲಿ ಮಾಡಿ ತೋರಿಸಿದ ಮಾದರಿಯೇ 1996ರಲ್ಲಿ ದೇಶದ ಕಾರ್ಯಕ್ರಮವಾಯಿತು. ಇಷ್ಟು ಹತ್ತಿರದಲ್ಲಿ ಇದೆ ಅಂತ ಎಷ್ಟೋ ಪೋಷಕರಿಗೆ ಗೊತ್ತಿಲ್ಲ. ಬೆಂಗಳೂರಿಗೇ ಹೋಗಬೇಕು ಅಂದುಕೊಂಡು ವರ್ಷಗಟ್ಟಲೆ ಸುಮ್ಮನಿರುತ್ತಾರೆ.

ಡಾಕ್ಟರು ಪಾಪಳ ಕೈ ನೋಡುವ ಮೊದಲು ಬಾಯಿ ನೋಡಿದರು. ಟಾರ್ಚ್ ಹಾಕಿ ಹಲ್ಲು ನೋಡಿದರು, ಆಮೇಲೆ ಕಿವಿ. ಥೈರಾಯ್ಡ್‌ಗೆ ರಕ್ತ ಪರೀಕ್ಷೆ ಬರೆದರು. ಬಲಗಡೆ ದವಡೆ ಹಲ್ಲು ಹುಳುಕಾಗಿ ಒಸಡು ಊದಿತ್ತು. "ನೋವಿದೆ ಅಂತ ಹೇಳೋಕೆ ಬರದ ಮಗು ಊಟ ಬಿಟ್ರೆ ಮೊದಲು ಹಲ್ಲು, ಕಿವಿ, ಹೊಟ್ಟೆ ನೋಡ್ಬೇಕು" ಅಂದರು. ನಾನು ಪುಸ್ತಕದಲ್ಲಿ ಬರೆದುಕೊಂಡೆ. ಎಷ್ಟು ಮಕ್ಕಳ ವಿಷಯದಲ್ಲಿ "ಹಟ ಮಾಡ್ತಾಳೆ" ಎಂದು ನಾನೇ ವರದಿಯಲ್ಲಿ ಬರೆದಿದ್ದೆನೋ!

ಹಲ್ಲು ಕೀಳಿಸಿದ ಮೇಲೆ ಊಟ ಸರಿಹೋಯಿತು. ಕಚ್ಚಿಕೊಳ್ಳುವುದು ನಿಲ್ಲಲಿಲ್ಲ.

ಡಾಕ್ಟರು ಇನ್ನೊಂದು ವಿಷಯ ಬಿಡಿಸಿ ಹೇಳಿದರು. ಬೌದ್ಧಿಕ ಅಸಾಮರ್ಥ್ಯ ಕಾಯಿಲೆ ಅಲ್ಲ, ಅದಕ್ಕೆ ಮಾತ್ರೆ ಇಲ್ಲ. ಮಾನಸಿಕ ಕಾಯಿಲೆ ಬೇರೆ. 2016ರ ಕಾಯ್ದೆ ಹೇಳುವ 21 ವಿಧದ ವೈಕಲ್ಯಗಳಲ್ಲೂ ಇವೆರಡು ಬೇರೆ ಬೇರೆಯಾಗಿಯೇ ಇವೆ. ನಮ್ಮ ಮಾತಿನಲ್ಲಿ ಮಾತ್ರ ಎರಡಕ್ಕೂ 'ಮಾನಸಿಕ' ಅಂದುಬಿಡುತ್ತೇವೆ. ಆಗ ಏನಾಗುತ್ತದೆ ಅಂದರೆ, ಬುದ್ಧಿ ಬೆಳವಣಿಗೆ ನಿಧಾನ ಇರುವ ಮಗುವಿಗೂ ದುಃಖ, ಭಯ, ಗಾಬರಿ ಎಲ್ಲರ ಹಾಗೇ ಬರುತ್ತದೆ ಎನ್ನುವುದೇ ಮರೆತುಹೋಗುತ್ತದೆ. ಏನು ಮಾಡಿದರೂ "ಅವಳು ಮೊದಲಿಂದ ಹಾಗೇ ಅಲ್ವಾ" ಅನ್ನುತ್ತೇವೆ. ಆ ಒಂದು ಮಾತಿನ ಕೆಳಗೆ ಮಗುವಿನ ಎಷ್ಟೋ ಸಂಕಟಗಳು ಮುಚ್ಚಿಹೋಗುತ್ತವೆ.

"ಇತ್ತೀಚೆಗೆ ಮನೇಲಿ ಏನಾದ್ರೂ ಬದಲಾಗಿದ್ಯಾ?" ಎಂದು ಕೇಳಿದರು. ತಾಯಿ "ಏನೂ ಇಲ್ಲ ಸಾರ್" ಅಂದರು. ಪಕ್ಕದಲ್ಲಿ ಕೂತಿದ್ದ ನಾನೂ ಸುಮ್ಮನಿದ್ದೆ.

ಆ ಸಂಜೆ ನಮ್ಮ ಕಚೇರಿ ಇರುವ ಬಿಆರ್‌ಸಿಗೆ (ಕ್ಷೇತ್ರ ಸಂಪನ್ಮೂಲ ಕೇಂದ್ರ) ವಾಪಸ್ ಬಂದು ಅಣ್ಣ ಬರೆದ ಹಾಳೆಗಳನ್ನು ಹರಡಿಕೊಂಡೆ. ಅವನ ಅಕ್ಷರ ಚೆನ್ನಾಗಿದೆ. ಹೊತ್ತಿನ ಕಾಲಂ ಒಂದನ್ನೇ ಓದುತ್ತಾ ಹೋದೆ. ಬೆಳಿಗ್ಗೆ ಒಂಬತ್ತೂಕಾಲು. ಒಂಬತ್ತೂವರೆ. ಸಂಜೆ ನಾಲ್ಕೂವರೆ. ಮತ್ತೆ ಒಂಬತ್ತೂಕಾಲು. ಭಾನುವಾರದ ಸಾಲುಗಳೆಲ್ಲ ಖಾಲಿ. 'ಮೊದಲು ಏನಾಯಿತು' ಅನ್ನುವ ಕಡೆ ಅವನು ಸುಮಾರು ದಿನ ಒಂದೇ ವಾಕ್ಯ ಬರೆದಿದ್ದ: 'ಚೀಲ ಹಾಕಿಕೊಂಡು ಬಾಗಿಲ ಹತ್ತಿರ ನಿಂತಿದ್ದಳು.'

ಫೈಲಿನಲ್ಲಿ ಬೆಂಗಾವಲು ಭತ್ಯೆಯ ಅರ್ಜಿ ಇತ್ತು. ಮಗುವನ್ನು ಶಾಲೆಗೆ ಕರೆತರುವವರಿಗೆ ಯೋಜನೆಯಲ್ಲಿ ಸಿಗುವ ಸ್ವಲ್ಪ ಹಣ ಅದು. ಹಿಂದಿನ ವರ್ಷ ನಾನೇ ತುಂಬಿದ್ದು. ಬೆಂಗಾವಲು ಯಾರು ಎಂಬ ಕಾಲಂನಲ್ಲಿ ಅವ್ವನ ಹೆಸರು. ಕೆಳಗೆ ನೀಲಿ ಮಸಿಯಲ್ಲಿ ಅವ್ವನ ಹೆಬ್ಬೆಟ್ಟು.

ಮಾರನೇ ದಿನ ಕೆಲಸಕ್ಕೆ ಸಹಿ ಹಾಕಿ ನೇರ ಆ ಮನೆಗೆ ಹೋದೆ. ಅವ್ವ ಸತ್ತದ್ದನ್ನು ಪಾಪಳಿಗೆ ಯಾರು ಹೇಳಿದಿರಿ, ಹೇಗೆ ಹೇಳಿದಿರಿ ಎಂದು ಕೇಳಿದೆ. ಯಾರೂ ಹೇಳಿರಲಿಲ್ಲ. ಹೆಣ ಇರುವಾಗ ಅವಳನ್ನು ಪಕ್ಕದ ಬೀದಿಯ ಮನೆಗೆ ಕಳಿಸಿದ್ದರು. ತಿಥಿ ಮುಗಿದ ಮೇಲೆ ಕರೆತಂದರು. "ಅವ್ವ ಏದಿ?" ಎಂದು ಕೇಳಿದಾಗ "ಊರಿಕಿ ಪೋಯಿಂದಿ" ಅಂದಿದ್ದರು. ಯಾರೋ ನೆಂಟರು "ಮಲಕ್ಕೊಂಡಿದ್ದಾಳೆ" ಎಂದೂ ಹೇಳಿದ್ದರಂತೆ. ಆಮೇಲಿಂದಲೇ ಅವಳು ರಾತ್ರಿ ಮಲಗಲು ಹೆದರುತ್ತಿದ್ದಳು, ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಿದ್ದಳು. ಮಲಗಿದವರು ಮತ್ತೆ ಕಾಣುವುದಿಲ್ಲ ಎಂದು ಅವಳು ತಿಳಿದುಕೊಂಡಿದ್ದರೆ ತಪ್ಪೇನಿದೆ? ಊರಿಗೆ ಹೋದವರು ಬರುತ್ತಾರೆ. ಅದಕ್ಕೇ ದಿನಾ ಚೀಲ ಹಾಕಿಕೊಂಡು ಬಾಗಿಲಲ್ಲಿ ನಿಲ್ಲುತ್ತಿದ್ದಳು. ಅವ್ವ ಬರದೆ ಇದ್ದಾಗ ಕೈ ಕಚ್ಚಿಕೊಳ್ಳುತ್ತಿದ್ದಳು. ನಾವು ಮಿಠಾಯಿ ಕೊಡುತ್ತಿದ್ದೆವು.

ಅಷ್ಟು ಹೊತ್ತಿಗೆ ತಂದೆ ಬಂದರು. ಅವರು ಮಾತು ಕಡಿಮೆ. ಎಲ್ಲ ಕೇಳಿಸಿಕೊಂಡು, "ಅವಳಿಗೆ ಗೊತ್ತಾಗುತ್ತಾ ಮೇಡಂ? ಸಾವು ಅಂದ್ರೆ?" ಅಂದರು.

ನಿಜ ಹೇಳಬೇಕೆಂದರೆ, ಪೂರ್ತಿ ಗೊತ್ತಾಗಲಿಕ್ಕಿಲ್ಲ. ಆದರೆ ಅವ್ವ ಇಲ್ಲ ಅನ್ನುವುದು ಅವಳಿಗೆ ಮೇ ತಿಂಗಳಿನಿಂದಲೇ ಗೊತ್ತು. ಯಾಕೆ ಇಲ್ಲ ಅನ್ನುವುದನ್ನು ಮಾತ್ರ ನಾವು ಮುಚ್ಚಿಟ್ಟಿದ್ದೆವು. ಅವಳಂಥ ಮಕ್ಕಳಿಗೆ 'ದೇವರ ಹತ್ತಿರ ಹೋದಳು', 'ನಕ್ಷತ್ರವಾದಳು' ಅನ್ನುವ ಮಾತುಗಳು ಗೊಂದಲ ಹೆಚ್ಚಿಸುತ್ತವೆ. ಸತ್ತಳು ಎಂದೇ ಹೇಳಬೇಕು. ಉಸಿರಿಲ್ಲ, ಊಟ ಮಾಡಲ್ಲ, ನೋವಿಲ್ಲ, ಮತ್ತೆ ಬರಲ್ಲ. ಮನೆಮಾತಿನಲ್ಲಿ, ಅವಳು ನಂಬುವವರೇ ಹೇಳಬೇಕು. ಒಂದು ಸಲ ಹೇಳಿದರೆ ಸಾಲದು.

ತಂದೆಯೇ ಹೇಳುತ್ತೇನೆ ಅಂದರು. ತೋಟದ ಅಂಚಿನಲ್ಲಿ ಹುಣಸೆ ಮರದ ಕೆಳಗೆ ಅವ್ವನನ್ನು ಮಣ್ಣು ಮಾಡಿದ್ದರು. ಅಲ್ಲಿಗೆ ಪಾಪಳನ್ನು ಕರೆದೊಯ್ದು ಪಕ್ಕದಲ್ಲಿ ಕೂರಿಸಿಕೊಂಡರು. ಮಣ್ಣು ಮುಟ್ಟಿಸಿದರು. "ಅವ್ವ ಸಚ್ಚಿಪೋಯಿಂದಿ. ಇಂಕ ರಾದು" ಅಂದರು. ಎರಡನೇ ಸಲ ಹೇಳುವಾಗ ಅವರಿಗೇ ಅಳು ಬಂತು. ಪಾಪ ಅಪ್ಪನ ಮುಖವನ್ನು ತುಂಬಾ ಹೊತ್ತು ನೋಡಿದಳು. ಆಮೇಲೆ ತನ್ನ ಲಂಗದ ಅಂಚಿನಿಂದ ಅವರ ಕಣ್ಣು ಒರೆಸಿದಳು. ಅವಳು ಅಳಲಿಲ್ಲ. ಅತ್ತದ್ದು ನಾಲ್ಕು ದಿನ ಆದ ಮೇಲೆ, ಒಂಬತ್ತೂಕಾಲಕ್ಕೆ, ಬಾಗಿಲ ಹತ್ತಿರ.

ಇಲ್ಲಿಗೆ ಮಗುವಿನ ದಾರಿ ಸ್ವಲ್ಪ ಕಂಡಿತು. ತಾಯಿಯ ದಾರಿ ನನಗೆ ಇನ್ನೂ ಕಂಡಿರಲಿಲ್ಲ.

ಆ ದಿನಗಳಲ್ಲಿ ನಾನು ಬರೀ "ಪಾಪ ಹೇಗಿದ್ದಾಳೆ?" ಎಂದೇ ಕೇಳುತ್ತಿದ್ದೆ. ಒಂದು ದಿನ ಯಾಕೋ "ನೀವು ಹೇಗಿದ್ದೀರಿ? ರಾತ್ರಿ ನಿದ್ದೆ ಬರುತ್ತಾ?" ಎಂದು ಕೇಳಿದೆ. ಅವರು ಸೊಪ್ಪಿನ ಬುಟ್ಟಿ ಕೆಳಗಿಟ್ಟರು. ನಿದ್ದೆ ಬಂದು ಎರಡು ತಿಂಗಳಾಯಿತಂತೆ. ರಾತ್ರಿ ಎರಡು ಗಂಟೆಗೆ ಎದ್ದು ಹುಳು ಮನೆಯಲ್ಲಿ ಕತ್ತಲಲ್ಲಿ ಕೂರುತ್ತಾರಂತೆ. "ಎಲ್ಲರೂ ನಿಮ್ಮತ್ತೆ ಹೋದ್ರಂತೆ ಅಂತಾರೆ. ಅತ್ತೆ ಅಲ್ಲ ಮೇಡಂ ಅವಳು. ನಮ್ಮಮ್ಮನ ತಾಯಿ. ನಾನು ಮೂರು ವರ್ಷದವಳಿದ್ದಾಗಿಂದ ಸಾಕಿದ್ದು ಅವಳೇ."

ಅವರು ಸೋದರಮಾವನನ್ನು ಮದುವೆಯಾದವರು. ನಮ್ಮ ಸೀಮೆಯಲ್ಲಿ ಇದು ಹೊಸದಲ್ಲ. ಮಗು ಹೀಗೆ ಹುಟ್ಟಿದ್ದು ಅದಕ್ಕೇ ಎಂದು ಊರಿನವರು 11 ವರ್ಷದಿಂದ ಅವರ ಕಿವಿಗೆ ಹಾಕುತ್ತಾ ಬಂದಿದ್ದರು. ಹತ್ತಿರದ ಸಂಬಂಧದಲ್ಲಿ ಮದುವೆಯಾದರೆ ಕೆಲವು ವಂಶದ ಕಾಯಿಲೆಗಳ ಸಾಧ್ಯತೆ ಹೆಚ್ಚುತ್ತದೆ, ಅದು ನಿಜ. ಆದರೆ ಪಾಪ ಹುಟ್ಟಿದಾಗ ತುಂಬಾ ತಡವಾಗಿ ಅತ್ತ ಮಗು. ಕಾರಣ ಯಾವುದು ಎಂದು ಯಾವ ಡಾಕ್ಟರೂ ಬೆರಳು ಮಾಡಿ ತೋರಿಸಿಲ್ಲ. ಆ ಮಾತುಗಳಿಗೆ ಅಡ್ಡ ನಿಂತು ಜಗಳ ಆಡುತ್ತಿದ್ದವಳೂ ಅವ್ವನೇ ಅಂತೆ. ಈಗ ಅಡ್ಡ ನಿಲ್ಲುವವರು ಯಾರೂ ಇರಲಿಲ್ಲ.

ಆಮೇಲೆ ಅವರು ಹೇಳಿದ ಮಾತು ಕೇಳಿ ನನ್ನ ಕೈಕಾಲು ತಣ್ಣಗಾದವು. "ನಾನೂ ಹೋಗ್ಬಿಟ್ರೆ ಸಾಕು ಅನ್ಸುತ್ತೆ. ಆದ್ರೆ ಇವಳನ್ನ ಬಿಟ್ಟು ಹೇಗೆ ಹೋಗೋದು?"

ಸಾಯುವ ಯೋಚನೆ ಬರುತ್ತಿದೆಯಾ ಎಂದು ನೇರವಾಗಿಯೇ ಕೇಳಿದೆ. ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕುತ್ತದೆ ಎಂದು ತುಂಬಾ ಜನ ಹೆದರುತ್ತಾರೆ. ಹಾಗಾಗುವುದಿಲ್ಲ. ಕೇಳಿದರೆ ಹೇಳಿಕೊಳ್ಳಲು ಒಂದು ಜಾಗ ಸಿಗುತ್ತದೆ. ಅವರು ಹೌದು ಅಂದರು. ಅಲ್ಲೇ ಜಗಲಿ ಮೇಲೆ ಕೂತು ಇಬ್ಬರೂ 14416ಕ್ಕೆ ಫೋನ್ ಮಾಡಿದೆವು. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. 2022ರ ಅಕ್ಟೋಬರ್ 10ರಂದು ಶುರುವಾದದ್ದು, ಹಣ ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತದೆ. ಭಾಷೆ ಆರಿಸಿಕೊಳ್ಳಬಹುದು. ಮೊದಲ ಐದು ನಿಮಿಷ ಅವರು ಬರೀ ಅತ್ತರು. ಆ ಕಡೆಯವರು ಫೋನ್ ಇಡಲಿಲ್ಲ.

ಅವರನ್ನು ಕೇಳಿಕೊಂಡೇ ಗಂಡನಿಗೆ ವಿಷಯ ತಿಳಿಸಿದೆ. ಆ ರಾತ್ರಿ ಅವರನ್ನು ಒಬ್ಬರೇ ಬಿಡಬೇಡಿ, ತೋಟದ ಔಷಧಿ ಡಬ್ಬಗಳನ್ನು ಬೀಗ ಹಾಕಿ ಇಡಿ ಎಂದೆ. ಮಂಗಳವಾರಕ್ಕೆ ಕಾಯಲಿಲ್ಲ. ಆಗಲೂ ಹೊಸ ಬೆಳೆಯ ಹುಳು ತಟ್ಟೆಯಲ್ಲಿತ್ತು. ಪಕ್ಕದ ಮನೆಯ ಇಬ್ಬರು ಹೆಂಗಸರು ಮುಯ್ಯಾಳಾಗಿ ಬಂದು ಸೊಪ್ಪು ಹಾಕಿದರು. ನಾವು ಬೆಳಿಗ್ಗೆ ಬಸ್ಸಿನಲ್ಲಿ ಚಿಕ್ಕಬಳ್ಳಾಪುರದ ಜಿಲ್ಲಾ ಆಸ್ಪತ್ರೆಗೆ ಹೋದೆವು. ಖಿನ್ನತೆ ಎಂದರು. ಮಾತ್ರೆ ಕೊಟ್ಟರು. ಕೆಲಸ ಮಾಡಲು ಎರಡು ಮೂರು ವಾರ ಬೇಕು, ಹುಷಾರಾದೆ ಅನ್ನಿಸಿದ ತಕ್ಷಣ ನಿಲ್ಲಿಸಬೇಡಿ ಎಂದು ಎರಡೆರಡು ಸಲ ಹೇಳಿದರು. ಮೊದಲ ವಾರ ತಲೆ ತಿರುಗುತ್ತದೆ ಎಂದು ತಾಯಿ ಮಾತ್ರೆ ಬಿಟ್ಟುಬಿಡಲು ಹೊರಟಿದ್ದರು. ಫೋನ್ ಮಾಡಿ ಕೇಳಿಕೊಂಡು ಮುಂದುವರಿಸಿದರು.

ಗಣೇಶನ ಹಬ್ಬ ಕಳೆದ ಮೇಲೆ ಪಾಪಳನ್ನು ಮತ್ತೆ ಶಾಲೆಗೆ ತರುವ ಕೆಲಸ ಶುರು ಮಾಡಿದೆವು. ದಾರಿಯ ಫೋಟೋಗಳನ್ನು ತೆಗೆದು ರಟ್ಟಿಗೆ ಅಂಟಿಸಿದೆ. ಮನೆ, ಹುಣಸೆ ಮರ, ಕೆರೆ ಕಟ್ಟೆ, ಶಾಲೆಯ ಗೇಟು. ಮೊದಲ ವಾರ ಅಣ್ಣನ ಜೊತೆ ಹುಣಸೆ ಮರದವರೆಗೆ ಮಾತ್ರ. ಎರಡನೇ ವಾರ ಗೇಟಿನವರೆಗೆ. ಕೆರೆ ಕಟ್ಟೆಯಿಂದ ಆಚೆಗೆ ಬಿಸಿಯೂಟದ ಅಕ್ಕ ಕೈ ಹಿಡಿದುಕೊಳ್ಳುತ್ತಿದ್ದರು. ಮೂರನೇ ವಾರ ಊಟದವರೆಗೆ ಕೂತಳು. ಅವ್ವನ ಎಲೆಅಡಿಕೆ ಸಂಚಿಯನ್ನು ಅವಳು ಚೀಲದಲ್ಲಿ ಇಟ್ಟುಕೊಂಡು ಬರುತ್ತಿದ್ದಳು. ಮಕ್ಕಳು ನಗುತ್ತಾರೆ ಎಂದು ಹೆಡ್‌ಮಾಸ್ಟರು ಬೇಡ ಅಂದರು. ಇರಲಿ ಬಿಡಿ ಸಾರ್ ಎಂದು ಕೇಳಿಕೊಂಡೆ. ಅವರಿಗೆ ಎಲ್ಲ ವಿವರಿಸಿದ ಮೇಲೆ ಅವರೇ ತರಗತಿಯ ಮಕ್ಕಳಿಗೆ ಅವ್ವನ ವಿಷಯ ಹೇಳಿದರು. ಒಬ್ಬ ಹುಡುಗ "ನಮ್ಮ ತಾತನೂ ಸತ್ತೋದ್ರು" ಎಂದು ಅವಳ ಪಕ್ಕ ಬಂದು ಕೂತನಂತೆ.

ನಡುವೆ ಕೆಟ್ಟ ವಾರಗಳೂ ಬಂದವು. ಸಂಕ್ರಾಂತಿ ಹೊತ್ತಿಗೆ ಮತ್ತೆ ಕಚ್ಚಿಕೊಂಡಳು. ಹಬ್ಬಕ್ಕೆ ಬಂದ ನೆಂಟರ ನಡುವೆ ಅವ್ವನ ವಯಸ್ಸಿನ ಒಬ್ಬರಿದ್ದರು.

ಅಣ್ಣನ ವಿಷಯ ನನಗೆ ತಡವಾಗಿ ಹೊಳೆಯಿತು. ಅವನು ಹಾಳೆ ತುಂಬಿದ, ತಂಗಿಯನ್ನು ಕರೆದುಕೊಂಡು ಹೋದ, ರಾತ್ರಿ ಸೊಪ್ಪು ಹಾಕಿದ. ಎಲ್ಲರೂ ಒಳ್ಳೇ ಹುಡುಗ ಅಂದೆವು. ಒಂದು ಸಂಜೆ ಕೆರೆ ಕಟ್ಟೆ ಮೇಲೆ ನಡೆಯುವಾಗ, "ಮಿಸ್, ಅಮ್ಮಂಗೆ ಏನಾದ್ರೂ ಆದ್ರೆ ಇವಳನ್ನ ನಾನೊಬ್ಬನೇ ನೋಡ್ಕೋಬೇಕಾ?" ಎಂದು ಕೇಳಿದ. 14 ವರ್ಷ ಅವನಿಗೆ. ಒಬ್ಬನೇ ಅಲ್ಲ ಎಂದೆ. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು ಯಾರು, ಮಾಸಾಶನ ಏನು, ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಏನಕ್ಕೆ, 1 ಲಕ್ಷದವರೆಗೆ ಚಿಕಿತ್ಸೆಗೆ ಬರುವ ನಿರಾಮಯ ವಿಮೆ ಏನು, ಎಲ್ಲ ಹೇಳಿದೆ. ಅವನು ಗಮನವಿಟ್ಟು ಕೇಳಿದ. ಆಮೇಲೆ, ಭಾನುವಾರ ಕ್ರಿಕೆಟ್‌ಗೆ ಹೋಗಬಹುದಾ ಎಂದು ಮನೇಲಿ ಕೇಳಿ ಮಿಸ್ ಅಂದ. ಕೇಳಿದೆ. ಈಗ ಹೋಗುತ್ತಾನೆ.

ಪ್ರತಿ ಮಗುವಿಗೂ ನಾವು ವರ್ಷಕ್ಕೊಂದು ವೈಯಕ್ತಿಕ ಶೈಕ್ಷಣಿಕ ಯೋಜನೆ ಬರೆಯುತ್ತೇವೆ. ಹತ್ತರವರೆಗೆ ಎಣಿಸುವುದು, ಹೆಸರು ಗುರುತಿಸುವುದು, ಗುಂಡಿ ಹಾಕಿಕೊಳ್ಳುವುದು. ಈಗ ನಾನು ಅದರ ಮೇಲ್ಗಡೆ ಕೈಯಲ್ಲೇ ಎರಡು ಸಾಲು ಸೇರಿಸುತ್ತೇನೆ. ಈ ವರ್ಷ ಮಗು ಯಾರನ್ನು ಕಳೆದುಕೊಂಡಿದೆ? ಮನೆಯಲ್ಲಿ ನಿದ್ದೆ ಇಲ್ಲದವರು ಯಾರು? ಫಾರಂನಲ್ಲಿ ಇದಕ್ಕೆ ಜಾಗ ಇಲ್ಲ, ಅಂಚಿನಲ್ಲಿ ಬರೆಯುತ್ತೇನೆ.

ಜೂನ್‌ನಲ್ಲಿ ಬೆಂಗಾವಲು ಭತ್ಯೆಗೆ ಹೊಸ ಅರ್ಜಿ ತುಂಬಲು ಅವರ ಮನೆಗೆ ಹೋದೆ. ಕಾಲಂನಲ್ಲಿ ತಾಯಿಯ ಹೆಸರು ಬರೆದೆ, ಅವರು ಸಹಿ ಹಾಕಿದರು. ಹಳೆಯ ಅರ್ಜಿ ಫೈಲಿನಲ್ಲಿ ಮೇಲೇ ಇತ್ತು. ಪಾಪ ಬಂದು ಬಗ್ಗಿ ನೋಡಿದಳು. ಹೆಬ್ಬೆಟ್ಟಿನ ಗುರುತಿನ ಮೇಲೆ ತನ್ನ ಬೆರಳಿಟ್ಟು ನಮ್ಮ ಮುಖ ನೋಡಿದಳು.

"ಅವ್ವದಿ" ಎಂದರು ತಾಯಿ.

"ಅವ್ವದಿ" ಎಂದಳು ಪಾಪ. ಆಮೇಲೆ ಚೀಲ ಹಾಕಿಕೊಂಡಳು. ಒಂಬತ್ತೂಕಾಲು ಆಗಿತ್ತು.